ನಮ್ಮ ಮನೆಯ ನಾಯಿ ಜೋರಿಲ್ಲ

ನಮ್ಮ ಕಡೆ ಒಬ್ಬರ ಮನೆಗೆ ಹೋದರೆ ಗೇಟಿನ ಹೊರಗೆ ನಿಂತು ಮೊದಲು ಕೇಳುವುದು ಯಜಮಾನರು ಇದ್ದಾರೋ ಇಲ್ಲವೋ ಎಂದಲ್ಲ. "ಹ್ವಾಯ್, ನಾಯಿ ಕಟ್ಟಿದ್ರ್ಯಾ?" ಎಂದು. ಒಳಗಿನಿಂದ "ಗೂಡೊಳ್ಗ್ ಇತ್ತ್, ಬನ್ನಿ" ಎಂಬ ಉತ್ತರ ಬಂದ ಮೇಲೆಯೇ ಕಾಲು ಮುಂದೆ ಇಡುವುದು. ಹಾಗೆ ಕೇಳಿಸಿಕೊಳ್ಳುವುದರಲ್ಲಿ ಮನೆಯವರಿಗೆ ಒಂದು ಹೆಮ್ಮೆ ಇರುತ್ತದೆ. ನನಗೂ ಇತ್ತು. ಒಂಬತ್ತು ವರ್ಷ ಇತ್ತು.

ನಾಯಿಮರಿ ತಂದ ಕೂಡಲೇ ಗೂಡಿಗೆ ಹಾಕುವುದು ನಮ್ಮಲ್ಲಿ ರೂಢಿ. ಹಗಲಿಡೀ ಗೂಡು, ಮುಸ್ಸಂಜೆಯ ಮೇಲೆ ಅಂಗಳ. ಜನರ ಮುಖ ಕಂಡರೆ ನಾಯಿ ಸಾಧುವಾಗುತ್ತದೆ, ಕಾಣದಿದ್ದರೆ ಜೋರಾಗುತ್ತದೆ ಎಂಬ ನಂಬಿಕೆ. ಇಂಥವರ ಮನೆಯ ನಾಯಿ ಭಾರಿ ಜೋರು ಎಂದರೆ ಅದು ಆ ಮನೆಯವರಿಗೆ ಸಿಕ್ಕ ಮರ್ಯಾದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ತೆಂಗಿನಮರ ಹತ್ತಿ ಇಳಿದು, ಬಿಜೂರಿನಲ್ಲಿ ಒಂದೊಂದೇ ಕಲ್ಲು ಕೂಡಿಸಿ ಮನೆ ಕಟ್ಟಿದವನು ನಾನು. ಇಂಥ ಮನೆಗೆ ಜೋರು ನಾಯಿ ಇರದಿದ್ದರೆ ಹೇಗೆ? ಗೂಡನ್ನೂ ನಾನೇ ಕಟ್ಟಿದೆ. ಉಳಿದ ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು, ಮುಂದೆ ಕಬ್ಬಿಣದ ಬಾಗಿಲು. ಗೇಟಿಗೆ ಎಚ್ಚರಿಕೆಯ ಬೋರ್ಡನ್ನೂ ನಾನೇ ಬರೆದು ನೇತುಹಾಕಿದೆ.

ನನ್ನ ಹೆಂಡತಿ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಆ ನಾಯಿ ಇದ್ದಷ್ಟು ಕಾಲ ಅವಳ ಗಿರಾಕಿಗಳು ಗೇಟಿನಿಂದ ಜಗಲಿಗೆ ಬರುವ ಹೊತ್ತಿಗೆ ಅರ್ಧ ಜೀವ ಆಗುತ್ತಿದ್ದರು. ಗೂಡಿನ ಒಳಗಿನಿಂದ ಅದು ಬಾಗಿಲಿಗೆ ಹಾರಿ ಬೀಳುವ ಸದ್ದು ಹಾಗಿತ್ತು. ನಾನು ಮಾತ್ರ ನಗುತ್ತಿದ್ದೆ.

ಒಂದು ಮಳೆಗಾಲ, ನಟ್ಟಿಯ ಸಮಯ. ಗದ್ದೆಗಳಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಗಡಿಬಿಡಿ. ಬೆಳಿಗ್ಗೆ ನಾಯಿಗೆ ಅನ್ನ ಹಾಕಿದ ನಾನು, ಯಾರದೋ ತೋಟದಲ್ಲಿ ಕಾಯಿ ಕೀಳುವ ಅವಸರದಲ್ಲಿ, ಗೂಡಿನ ಚಿಲಕ ಹಾಕುವುದನ್ನು ಮರೆತೆ. ಸ್ವಲ್ಪ ಹೊತ್ತಿಗೆ ಗದ್ದೆಯಾಚೆ ಮನೆಯ ಅಕ್ಕ ಬಂದರು. ನನಗಿಂತ ಹದಿನೈದು ವರ್ಷ ಹಿರಿಯರು, ನಟ್ಟಿಯ ಹೆಂಗಸರ ತಂಡಕ್ಕೆಲ್ಲ ಮುಂದಾಳು. ರವಿಕೆಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು, ಗದ್ದೆಯಿಂದ ನೇರ ಬಂದದ್ದರಿಂದ ತಲೆಯ ಮೇಲೆ ಗೊರಬು ಹೊತ್ತೇ ಬಂದಿದ್ದರು. ಗೊರಬು ಕಂಡವರಿಗೆ ಗೊತ್ತು, ಕಾಣದವರಿಗೆ ಹೇಳಬೇಕು: ಬಿದಿರ ಸೀಳಿನ ನಡುವೆ ಎಲೆ ಒತ್ತಿ ಹೆಣೆದದ್ದು, ದೋಣಿಯನ್ನು ಕವುಚಿ ಬೆನ್ನಿಗೆ ಹಾಕಿಕೊಂಡ ಹಾಗೆ ತಲೆಯಿಂದ ಮೊಣಕಾಲಿನವರೆಗೆ ಮುಚ್ಚುತ್ತದೆ. ಬಗ್ಗಿ ನೆಡುವವರ ಬೆನ್ನಿಗೆ ಒಂದು ಹನಿ ಬೀಳುವುದಿಲ್ಲ. ಈಗ ಎಲ್ಲರೂ ನೀಲಿ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಾರೆ, ನಮ್ಮ ಸುತ್ತಿನಲ್ಲಿ ಗೊರಬು ಉಳಿದಿರುವುದು ಅಕ್ಕನ ಮನೆಯಲ್ಲಿ ಮಾತ್ರ.

ನಾಯಿ ಗೂಡಿನಿಂದ ನೇರ ಹೋಗಿ ಅಕ್ಕನ ಕಾಲಿನ ಮೀನಖಂಡ ಹಿಡಿಯಿತು.

ಸುದ್ದಿ ಕೇಳಿ ತೋಟದಿಂದ ಓಡಿಬಂದು, ಕುಂದಾಪುರದ ಆಸ್ಪತ್ರೆಗೆ ಮೊಪೆಡ್‌ನಲ್ಲಿ ಕೂರಿಸಿಕೊಂಡು ಹೋದವನು ನಾನೇ. ಎಲ್ಲ ಇಂಜೆಕ್ಷನ್ ಮುಗಿಯುವವರೆಗೂ ಪ್ರತಿ ಸಲ ನಾನೇ ಕರೆದುಕೊಂಡು ಹೋದೆ. ಅದರಲ್ಲಿ ಲೋಪ ಮಾಡಲಿಲ್ಲ. ಆದರೆ ಊರವರು ಎಂತಾಯ್ತು ಎಂದು ಕೇಳಿದಾಗ ಚಿಲಕದ ಮಾತು ನನ್ನ ಬಾಯಿಂದ ಬರಲಿಲ್ಲ. "ಕರೀದೆ ಒಳ್ಗ್ ಬಂದ್ರೆ ನಾಯಿ ಎಂತ ಮಾಡತ್ತ್ ಮರ್ರೆ? ನಮ್ ನಾಯಿ ಜೋರ್ ಅಂತ ಗೊತ್ತಿಲ್ದಾ?" ಎಂದು ಡೇರಿಯ ಹತ್ತಿರ ಹೇಳಿದೆ, ಬಸ್‌ಸ್ಟಾಪಿನಲ್ಲಿ ಹೇಳಿದೆ. ಹೇಳುವಾಗ ಸ್ವಲ್ಪ ಎದೆ ಉಬ್ಬಿಸಿಯೂ ಹೇಳಿದ್ದೆ. ಆಮೇಲೆ ಅಕ್ಕ ನಮ್ಮ ಮನೆಗೆ ಬರಲಿಲ್ಲ. ಅವರು ಬರದ ಮೇಲೆ ಅವರ ತಂಡದ ಹೆಂಗಸರೂ ಒಬ್ಬೊಬ್ಬರಾಗಿ ಬಸ್‌ಸ್ಟಾಪಿನ ಟೈಲರ್ ಅಂಗಡಿ ದಾರಿ ಹಿಡಿದರು. ನನ್ನ ಹೆಂಡತಿ ಮೆಷಿನ್‌ಗೆ ಬಟ್ಟೆ ಹೊದೆಸಿ ಇಟ್ಟಳು.

ನಾಯಿ ಮುದಿಯಾಗಿ ಗೂಡಿನಲ್ಲೇ ಸತ್ತಿತು. ಅದಾಗಿ ಒಂದು ವರ್ಷ ಕಳೆದ ಮೇಲೆ ಗಿರಾಕಿಗಳು ತಿರುಗಿ ಬರತೊಡಗಿದರು. ಅಕ್ಕ ಬರಲಿಲ್ಲ.

ನನ್ನ ವ್ಯಾಪಾರ ಇರುವುದು ಮರವಂತೆಯಲ್ಲಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಹೆದ್ದಾರಿ, ಹೆದ್ದಾರಿಯ ಬದಿಯಲ್ಲಿ ನನ್ನ ಬೊಂಡದ ಅಂಗಡಿ. ಎಳನೀರಿಗೆ ನಾವು ಬೊಂಡ ಎನ್ನುತ್ತೇವೆ. ಬೆಳಿಗ್ಗೆ ಬಿಜೂರಿನಲ್ಲಿ ಮರ ಹತ್ತಿ ಕೊಯ್ದು, ಮೊಪೆಡ್‌ಗೆ ಎರಡೂ ಬದಿ ಗೊನೆ ಕಟ್ಟಿ ತರುತ್ತೇನೆ. ಮೂವತ್ತು ವರ್ಷದಿಂದ ಒಂದೇ ಕತ್ತಿ, ಹಿಡಿ ಮಾತ್ರ ನಾಲ್ಕು ಸಲ ಬದಲಾಗಿದೆ. ಮೂರೇ ಏಟಿಗೆ ತೂತು ತೆಗೆಯುತ್ತೇನೆ, ಒಂದು ಹನಿ ಚೆಲ್ಲುವುದಿಲ್ಲ.

ದೀಪಾವಳಿ ಕಳೆದು ಒಂದು ವಾರಕ್ಕೆ, ಅಂಗಡಿಯ ಹಿಂದಿನ ಬೊಂಡದ ಸಿಪ್ಪೆಯ ರಾಶಿಯಲ್ಲಿ ಒಂದು ಕಂದು ಬಣ್ಣದ ಮರಿ ಕಂಡಿತು. ಒಡೆದ ಬೊಂಡದೊಳಗೆ ಮುಖ ಹಾಕಿ ಗಂಜಿಯಂಥ ತಿರುಳು ನೆಕ್ಕುತ್ತಿತ್ತು. ಅದರ ತಾಯಿಯನ್ನು ಹಿಂದಿನ ದಿನವೇ ಹೆದ್ದಾರಿಯಲ್ಲಿ ಯಾವುದೋ ಲಾರಿ ಹೊಡೆದು ಹೋಗಿತ್ತು. ಈ ಮರಿಯೂ ಎರಡು ದಿನದಲ್ಲಿ ಅದೇ ದಾರಿ ಹಿಡಿಯುವುದು ಖಂಡಿತ. ಸಂಜೆ ಅಂಗಡಿ ಮುಚ್ಚುವಾಗ ಅದನ್ನು ಮೀನಿನ ಬುಟ್ಟಿಯಲ್ಲಿ ಹಾಕಿ ಮೊಪೆಡ್‌ನ ಮುಂದೆ ಇಟ್ಟುಕೊಂಡೆ.

ಹೆಂಡತಿ ಮೆಷಿನ್ ತುಳಿಯುತ್ತಿದ್ದಳು.

"ಎಂತ ಅದ್ ಬುಟ್ಟಿಯಂಗೆ? ಬಂಗ್ಡಿ ಮೀನಾ?"

"ಕುನ್ನಿ" ಎಂದೆ. ನಾಯಿಮರಿಗೆ ನಮ್ಮಲ್ಲಿ ಹಾಗೆನ್ನುವುದು.

"ಯಾರಿಗ್?"

"ನಮ್ಗೇ."

ಅವಳು ಕಾಲು ನಿಲ್ಲಿಸಿದಳು. "ಹ್ವಾಯ್, ಸಮಾ ಕೇಣಿ. ಈ ಮನಿಯಂಗೆ ಒಂದೋ ಮಿಷನ್ ಇರ್ಕ್, ಇಲ್ದಿರೆ ನಾಯಿ ಇರ್ಕ್. ಎರಡೂ ಒಟ್ಟಿಗ್ ಇಪ್ಪು ಚಂದ ನಾನ್ ಒಂಬತ್ ವರ್ಷ ಕಂಡಾಯ್ತ್."

"ಇದನ್ ಜೋರ್ ಮಾಡ್ತಿಲ್ಲೆ. ಸಾಧು ಮಾಡಿ ತೋರಿಸ್ತೆ."

"ನಿಮ್ಗಾ? ಸಾಧು ಮಾಡುಕೆ ಬತ್ತಾ?" ಅವಳಿಗೆ ನಗು ಬಂದರೂ ಮಾತು ಬಿಡಲಿಲ್ಲ. "ಆಯ್ತ್. ನನ್ ಗಿರಾಕಿ ಒಬ್ರ್ ಮೇಲ್ ಇದ್ ಒಂದ್ ಸರ್ತಿ ಗುರ್ ಅಂದ್ರೂ ಸಾಕ್. ಎಲ್ಲಿಂದ ತಂದ್ರ್ಯೋ ಅಲ್ಲೇ ಬಿಟ್ ಬರ್ಕ್."

ಎಲ್ಲಿಂದ ತಂದೆನೋ ಅಲ್ಲಿ ಎಂದರೆ ಹೆದ್ದಾರಿ. ಬುಟ್ಟಿಯೊಳಗಿನ ಮರಿ ನನ್ನ ಹೆಬ್ಬೆರಳು ಚೀಪುತ್ತಿತ್ತು.

ಮರುದಿನವೇ ಬೈಂದೂರಿನ ಪಶುವೈದ್ಯರಲ್ಲಿಗೆ ಹೋದೆ. ಡಾಕ್ಟ್ರಮ್ಮ ಚಿಕ್ಕ ಪ್ರಾಯದವರು, ನಮ್ಮ ಕಡೆಯವರೇ. ಮರಿಗೆ ಹುಳದ ಔಷಧ ಕುಡಿಸುವಾಗ, ಹಿಂದಿನ ನಾಯಿಯ ಕತೆ ಪೂರ್ತಿ ಹೇಳಿದೆ. ಅದು ಎಷ್ಟು ಜೋರಿತ್ತು, ಗೂಡಿನ ಬಾಗಿಲು ಹೇಗೆ ಬಗ್ಗಿಸಿತ್ತು, ಎಲ್ಲ.

"ಅದ್ ಜೋರಲ್ಲ ಮಾರಾಯ್ರೆ, ಹೆದ್ರಿಕಿ" ಎಂದರು ಅವರು.

"ಹೆದ್ರಿಕಿ ಇದ್ದದ್ ಬಪ್ಪವ್ರಿಗ್ ಮೇಡಂ, ನಾಯಿಗಲ್ಲ."

"ಬಪ್ಪವ್ರಿಗೂ ಇದ್ದಿತ್ತ್, ನಾಯಿಗೂ ಇದ್ದಿತ್ತ್. ನಿಮ್ಗ್ ಒಬ್ರಿಗೇ ಇರ್ಲಿಲ್ಲೆ ಕಾಣಿ" ಎಂದು ನಕ್ಕರು. ಆಮೇಲೆ ತಾಳ್ಮೆಯಿಂದ ವಿವರಿಸಿದರು. ಮರಿಗೆ ಮೊದಲ ಮೂರು ತಿಂಗಳು ಜಗತ್ತು ಅಂದರೆ ಏನು ಎಂದು ಕಲಿಯುವ ಸಮಯ. ಆಗ ಹೆದರದೆ ಕಂಡದ್ದೆಲ್ಲ ಅದಕ್ಕೆ ಪರಿಚಯ, ಕಾಣದ್ದೆಲ್ಲ ಮುಂದೆ ವೈರಿ. ಗೂಡಿನಲ್ಲಿ ಹಾಕಿದ ಮರಿಗೆ ಇಡೀ ಊರೇ ವೈರಿ. ಓಡಿಹೋಗಲು ಜಾಗ ಇಲ್ಲದ್ದರಿಂದ ಅದು ಮೇಲೆ ಬೀಳುತ್ತದೆ, ಅಷ್ಟೇ. "ಎಲ್ಲ ತೋರ್ಸಿ. ದೂರದಿಂದ ತೋರ್ಸಿ. ಎಳ್ದ್ ಹತ್ರ ತಕಂಡ್ ಹೋಪ್ದ್ ಬ್ಯಾಡ, ಅದೇ ಬರ್ಲಿ. ತೋರ್ಸಿದಾಗೆಲ್ಲ ಬಾಯಿಗ್ ಎಂತಾರೂ ರುಚಿದ್ ಕೊಡಿ. ಇಂಜೆಕ್ಷನ್ ಎಲ್ಲ ಆಪಲ್ಲಿವರಿಗೆ ಮಾತ್ರ ಬೇರೆ ನಾಯಿ ತಿರ್ಗು ಜಾಗದಲ್ಲಿ ನೆಲಕ್ ಬಿಡ್ಬೇಡಿ."

ಬೈಂದೂರಿನಿಂದ ಮರವಂತೆಗೆ ಬರುವ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಒಂಬತ್ತು ವರ್ಷ ಒಂದು ಹೆದರಿದ ಪ್ರಾಣಿಯನ್ನು ನಾಲ್ಕು ಗೋಡೆಯ ನಡುವೆ ಇಟ್ಟು, ಅದರ ಹೆದರಿಕೆಯನ್ನೇ ನನ್ನ ಮನೆಯ ಗತ್ತು ಎಂದು ಹೇಳಿಕೊಂಡು ತಿರುಗಿದ್ದೆನಲ್ಲ. ಆಮೇಲೆ ಕೆಲಸ ಶುರುಮಾಡಿದೆ. ಕೆಲಸ ಎಂದರೆ ನನಗೆ ಅರ್ಥವಾಗುತ್ತದೆ.

ಗೇಟಿನ ಎಚ್ಚರಿಕೆಯ ಬೋರ್ಡು ಒಳ್ಳೆಯ ಹಲಸಿನ ಹಲಗೆಯದ್ದು. ಅದನ್ನು ಬಿಚ್ಚಿ ತಂದು ಅಂಗಡಿಯ ಮೇಜಿನ ಬದಿಗೆ ಮೊಳೆ ಹೊಡೆದು ಕೂರಿಸಿ, ಅದರ ಮೇಲೆ ಬುಟ್ಟಿ ಇಟ್ಟೆ. ಅದೇ ಕುನ್ನಿಯ ಕ್ಲಾಸ್ ರೂಮು. ಕೋಡಿ ಊರಿನಿಂದ ಬರುವ ಒಣಮೀನಿನ ಹೆಂಗಸಿನಿಂದ ಸೆಟ್ಲಿ, ಅಂದರೆ ಒಣಗಿಸಿದ ಸೀಗಡಿ, ತೆಗೆದುಕೊಂಡೆ. ಅದಕ್ಕೆ ಉಪ್ಪು ಜಾಸ್ತಿ, ತೊಳೆಯದೆ ಕೊಟ್ಟರೆ ಮರಿಗೆ ಆಗದು ಎಂದು ಡಾಕ್ಟ್ರಮ್ಮ ಹೇಳಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿ ಸೆಟ್ಲಿಯನ್ನು ಮೂರು ನೀರಿನಲ್ಲಿ ತೊಳೆದು ಮೊರದಲ್ಲಿ ಒಣಹಾಕಿದ್ದಳು.

ಹೆದ್ದಾರಿಗಿಂತ ದೊಡ್ಡ ಶಾಲೆ ಎಲ್ಲಿದೆ? ಹೆಲ್ಮೆಟ್ ಹಾಕಿ ಮುಖವೇ ಕಾಣದ ಬೈಕಿನವರು ಬಂದರು, ಸೆಟ್ಲಿ. ಬುರ್ಖಾ ಹಾಕಿದ ಹೆಂಗಸರು ಬಂದರು, ಸೆಟ್ಲಿ. ಪೇಟ ಸುತ್ತಿದ ಪಂಜಾಬಿನ ಲಾರಿ ಡ್ರೈವರ್ ಬಂದು ತನ್ನ ಊರಿನ ನಾಯಿಯ ಫೋಟೊ ನನಗೆ ತೋರಿಸಿ, ಕುನ್ನಿಗೂ ತೋರಿಸಿದ. ಊರುಗೋಲಿನ ಅಜ್ಜ, ಅಳುವ ಮಗು, ಒಂದು ಬಸ್ಸಿನ ತುಂಬ ಕಿರುಚುವ ಕಾಲೇಜಿನ ಹುಡುಗಿಯರು. ಎಲ್ಲರಿಗೂ ನಾನು ಒಂದೇ ಮಾತು ಹೇಳುತ್ತಿದ್ದೆ: ತಲೆಯ ಮೇಲೆ ಕೈ ಹಾಕಬೇಡಿ, ಮೊದಲು ಮೂಸಲಿ. ದೊಡ್ಡ ಕಾರಿನಲ್ಲಿ ಬಂದ ದೊಡ್ಡ ಮನುಷ್ಯರಿಗೂ ಹೇಳಿದೆ. ಕೇಳಿದರು. ಬೊಂಡ ಕೆತ್ತುವವನು ಅಧಿಕಾರದಿಂದ ಮಾತಾಡಿದರೂ ಜನ ಕೇಳುತ್ತಾರೆ ಎಂಬುದು ನನಗೆ ಆಗಲೇ ಗೊತ್ತಾದದ್ದು.

ಎಲ್ಲ ಸಲೀಸಾಗಿ ಆಯಿತು ಎಂದಲ್ಲ. ಒಂದು ದಿನ ಲಾರಿಯವನು ಅಂಗಡಿಯ ಎದುರಲ್ಲೇ ಹಾರ್ನ್ ಒತ್ತಿದಾಗ ಮರಿ ಮೇಜಿನಡಿ ನುಗ್ಗಿ ನಡುಗಿತು. ನಾನು ಕುತ್ತಿಗೆ ಹಿಡಿದು ಎಳೆದು, "ಕಾಣ್, ಎಂತ ಇಲ್ಲೆ" ಎಂದು ಲಾರಿಯ ಹತ್ತಿರ ಒಯ್ದೆ. ನನ್ನ ಲುಂಗಿಯ ಮೇಲೆ ಉಚ್ಚೆ ಹೊಯ್ದಿತು. ಆಮೇಲೆ ಐದು ದಿನ ಲಾರಿ ಕಂಡರೆ ಸಾಕು ಮೇಜಿನಡಿ. ಎಳೆಯಬೇಡಿ ಎಂದಿದ್ದರು ಡಾಕ್ಟ್ರಮ್ಮ, ನನ್ನ ಕೈ ಕೇಳಲಿಲ್ಲ. ಪುನಃ ಮೊದಲಿನಿಂದ ಶುರು: ಬುಟ್ಟಿಯನ್ನು ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಹತ್ತಿರ ಇಟ್ಟುಕೊಂಡು, ಅಷ್ಟು ದೂರದಿಂದ ಲಾರಿ ನೋಡುವುದು, ಸೆಟ್ಲಿ ತಿನ್ನುವುದು, ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ಬರುವುದು. ಅಷ್ಟು ಹೊತ್ತು ವ್ಯಾಪಾರ ಬಿಟ್ಟು ಕೂತದ್ದು ನನ್ನ ಜೀವಮಾನದಲ್ಲೇ ಮೊದಲು.

ಪಕ್ಕದ ಕಬ್ಬಿನ ಹಾಲಿನ ಅಂಗಡಿಯವನಿಗೆ ಇದೆಲ್ಲ ತಮಾಷೆ. "ಹ್ವಾಯ್, ನಿಮ್ ಕುನ್ನಿ ಎಷ್ಟ್ನೇ ಕ್ಲಾಸ್?"

"ಏಳ್ನೇದ್. ನಾನ್ ಬಿಟ್ಟಲ್ಲಿಂದ ಮುಂದೆ" ಎಂದೆ.

ಮೈಮೇಲೆ ಹಾರಿದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ, ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮಾತಾಡಿಸುತ್ತಿದ್ದೆ. ಕೈಗೆ ಹಲ್ಲು ಹಾಕಿದರೆ ಆಟ ಬಂದ್. ಚೈತ್ರದ ಹೊತ್ತಿಗೆ ಅದು ಗಿರಾಕಿ ಬಂದರೆ ಬಾಲ ಬೀಸಿ, ಮೂಸಿ, ತನ್ನ ಪಾಡಿಗೆ ಹೋಗಿ ಹಲಗೆಯಡಿ ಮಲಗುವಷ್ಟು ಸಭ್ಯ ನಾಯಿಯಾಯಿತು. ನನ್ನ ತಂಗಿಯ ಮನೆ ಬ್ರಹ್ಮಾವರದಲ್ಲಿ. ಅಲ್ಲಿ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಇದನ್ನೂ ಕರೆದುಕೊಂಡು ಹೋದೆ. ವಾಲಗ, ನೂರಾರು ಜನ, ಬಡಿಸುವವರ ಓಡಾಟ. ನನ್ನ ಕುರ್ಚಿಯಡಿ ಮಲಗಿದ್ದು ಎದ್ದೇ ಇಲ್ಲ. ತಂಗಿಯ ಗಂಡ "ಇದ್ ನಾಯಿಯಾ, ಇಲ್ಲ ಬೊಂಬೆಯಾ ಭಾವ?" ಎಂದ. "ಇದಕ್ ಹೆದ್ರಿಕಿ ಅಂಬುದೇ ಗೊತ್ತಿಲ್ಲೆ" ಎಂದು ನಾನು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಜೂನ್ ಬಂತು. ಮಳೆ ಹಿಡಿದರೆ ಬೊಂಡ ಕುಡಿಯುವವರಿಲ್ಲ. ಅಂಗಡಿ ಮುಚ್ಚಿ ನಾನೂ ನಾಯಿಯೂ ಮನೆಯಲ್ಲಿ. ಒಂದು ಬೆಳಿಗ್ಗೆ, ಜಡಿಮಳೆಯ ನಡುವೆ, ಗೇಟು ತೆಗೆದು ಒಂದು ಗೊರಬು ಒಳಗೆ ಬಂತು. ಗೊರಬಿನಡಿ ಇದ್ದದ್ದು ಅಕ್ಕನ ಸೊಸೆ, ರವಿಕೆ ಹೊಲಿಯಲು ಕೊಡಬೇಕಿತ್ತು. ಆದರೆ ಗಾಳಿಗೆ ಬಗ್ಗಿ ನಡೆಯುತ್ತಿದ್ದ ಅವಳ ಮುಖ ಕಾಣುತ್ತಿರಲಿಲ್ಲ. ತಲೆಯಿಲ್ಲದ, ಕೈಯಿಲ್ಲದ ಏನೋ ಒಂದು ಕಪ್ಪು ವಸ್ತು ಅಂಗಳದಲ್ಲಿ ನಡೆದು ಬರುತ್ತಿದೆ.

ಇಡೀ ಹೆದ್ದಾರಿಗೆ ಹೆದರದ ನನ್ನ ನಾಯಿ, ಜಗಲಿಯ ಮೂಲೆಗೆ ಸರಿದು ಬೆನ್ನ ರೋಮವೆಲ್ಲ ಎಬ್ಬಿಸಿ ಹಲ್ಲು ತೋರಿಸಿತು. ಗುರ್ ಅಂದಿತು. ಒಂದು ಸಲ ಅಲ್ಲ. ಸೊಸೆ ಅಯ್ಯೋ ಎಂದು ಬಂದ ದಾರಿಯಲ್ಲೇ ಓಡಿದಳು. ಗೊರಬು ಗಾಳಿಗೆ ಪಟಪಟ ಹೊಡೆದುಕೊಂಡು ಓಡುವುದನ್ನು ಕಂಡು ಇದರ ಬೊಗಳು ಇನ್ನೂ ಜೋರಾಯಿತು. ಆ ಸ್ವರ ನನಗೆ ಗೊತ್ತಿತ್ತು. ಕಲ್ಲಿನ ಗೂಡಿನೊಳಗಿನಿಂದ ಒಂಬತ್ತು ವರ್ಷ ಕೇಳಿದ್ದೆ.

ಹೆಂಡತಿ ಮೆಷಿನ್ ಹಿಂದಿನಿಂದ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖ ಸಣ್ಣಗಾಗಿತ್ತು. "ಹೈವೇ ಎಲ್ಲ ತೋರ್ಸಿದ್ರಿ. ಊರ್ ತೋರ್ಸ್ಲಿಲ್ಲೆ" ಎಂದಳು.

ಪಂಜಾಬಿನ ಪೇಟ ತೋರಿಸಿದ್ದೆ, ನಮ್ಮ ಗದ್ದೆಯ ಗೊರಬು ನೆನಪೇ ಆಗಿರಲಿಲ್ಲ.

"ಮಾತ್ ಅಂದ್ರೆ ಮಾತ್ ಅಲ್ದಾ? ಬಿಟ್ ಬರ್ಕಾ?" ಎಂದೆ.

ಅವಳು ನಾಯಿಯನ್ನು ನೋಡಿದಳು. ಅದು ಮೂಲೆಯಲ್ಲಿ ಇನ್ನೂ ನಡುಗುತ್ತಿತ್ತು. "ನಟ್ಟಿ ಮುಗಿವರಿಗೆ ಟೈಮ್ ಕೊಡ್ತೆ" ಎಂದಳು. "ಅಷ್ಟ್ರೊಳ್ಗ್ ಆಯ್ಲಿಲ್ಲೆ ಅಂದ್ರೆ ನಾನ್ ಮತ್ತ್ ಮಿಷನಿಗ್ ಬಟ್ಟಿ ಹೊದೆಸುಕಿಲ್ಲೆ, ಈಗ್ಲೇ ಹೇಳಿದೆ."

ಗೊರಬು ಬೇಕು. ಗೊರಬು ಇರುವುದು ಅಕ್ಕನ ಮನೆಯಲ್ಲಿ. ಗದ್ದೆಯ ಅಂಚಿನ ಮೇಲೆ ನಡೆದು ಅಲ್ಲಿಗೆ ಹೋದೆ.

ಅಕ್ಕ ಜಗಲಿಯಲ್ಲಿ ಕೂತು ವೀಳ್ಯ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡೂ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಅಕ್ಕ, ಒಂದ್ ಗೊರ್ಬು ಬೇಕಿತ್ತ್."

"ಯಾರಿಗ್?"

"ನಾಯಿಗ್."

ಒಳಗೆ ಸೊಸೆ ನಕ್ಕದ್ದು ಕೇಳಿಸಿತು. ಅಕ್ಕ ನಗಲಿಲ್ಲ. "ಮೊದಲ್ನೇ ನಾಯಿಗ್ ಕಾಲ್ ಕೊಟ್ಟಾಯ್ತ್. ಎರಡ್ನೇ ನಾಯಿಗ್ ಗೊರ್ಬೂ ಕೊಡ್ಕಾ ಮಾಣಿ?" ಐವತ್ತು ದಾಟಿದ ನನ್ನನ್ನು ಮಾಣಿ, ಅಂದರೆ ಹುಡುಗ, ಎಂದು ಕರೆಯುವವರು ಈಗ ಅವರೊಬ್ಬರೇ.

ನಿಂತೇ ಎಲ್ಲ ಹೇಳಿದೆ. ಡಾಕ್ಟ್ರಮ್ಮ ಹೇಳಿದ್ದು, ಹೆಂಡತಿ ಹೇಳಿದ್ದು, ನಟ್ಟಿ ಮುಗಿಯುವವರೆಗಿನ ಗಡುವು. ಅವರು ಪೂರ್ತಿ ಕೇಳಿ, ಎದ್ದು ಅಂಗಳದ ಬದಿಗೆ ಉಗುಳಿ ಬಂದರು.

"ಮಾಣಿ, ಅವತ್ತ್ ಗೇಟ್ ಹತ್ರ ನಿಂತ್ ನಾನ್ ಮೂರ್ ಸರ್ತಿ ಕರ್ದಿದೆ. ಮಳಿ ಸದ್ದಿಗ್ ನಿನ್ ಹೆಂಡ್ತಿಗ್ ಕೇಣಲಿಲ್ಲೆ. ಅದ್ ಹೋಯ್ಲಿ. ನಾಯಿ ಕಚ್ಚಿದ್ದೂ ಹೋಯ್ಲಿ, ಅದಕ್ ಇಂಜೆಕ್ಷನ್ ಇತ್ತ್. ಕರೀದೆ ಬಂದ್ರ್ ಅಂತ ಊರಿಡೀ ಹೇಳ್ಕಂಡ್ ಬಂದೆ ಅಲ್ದಾ ನೀನ್? ಅದಕ್ ಎಂತ ಇಂಜೆಕ್ಷನ್ ಇತ್ತ್?"

"ತಪ್ಪಾಯ್ತ್ ಅಕ್ಕ. ಚಿಲ್ಕ ಹಾಕದ್ದ್ ನಾನ್."

"ನಂಗ್ ಹೇಳುದ್ ಎಂತಕ್? ನಂಗ್ ಅವತ್ತೇ ಗೊತ್ತಿತ್ತ್. ಕೇಂಡದ್ ಊರವ್ರ್. ಅವ್ರಿಗ್ ಹೇಳ್." ಅಷ್ಟು ಹೇಳಿ, ಗೋಡೆಗೆ ನೇತುಹಾಕಿದ್ದ ಗೊರಬನ್ನು ಇಳಿಸಿ ನನ್ನ ಕೈಗೆ ಕೊಟ್ಟರು. "ಎಲಿ ಹರೀಬೇಡ. ಹೆಣೆವವ್ರ್ ಈಗ ಸಿಕ್ಕುದಿಲ್ಲೆ."

ಮೊದಲ ಎರಡು ದಿನ ಗೊರಬನ್ನು ಅಂಗಳದ ಕೊನೆಯ ಚಪ್ಪರದಡಿ ಸುಮ್ಮನೆ ಮಲಗಿಸಿ, ಸುತ್ತ ಸೆಟ್ಲಿ ಉದುರಿಸಿದೆ. ನಾಯಿ ದೂರದಿಂದ ನೋಡಿತು, ಸುತ್ತು ಹಾಕಿತು, ಕಡೆಗೆ ಹೊಟ್ಟೆಯ ಮೇಲೆ ತೆವಳಿ ಬಂದು ಒಂದನ್ನು ಎತ್ತಿಕೊಂಡು ಓಡಿತು. ಮೂರನೇ ದಿನ ಗೋಡೆಗೆ ಒರಗಿಸಿದೆ. ಆಮೇಲೆ ಅದು ನೋಡುತ್ತಿದ್ದ ಹಾಗೆಯೇ ಹೊತ್ತುಕೊಂಡೆ, ಮೊದಲು ಮುಖ ತೋರಿಸಿ, ಮಾತಾಡುತ್ತ. ಕಡೆಗೆ ಮುಖ ಮುಚ್ಚಿ, ಮಾತಾಡದೆ, ಬಗ್ಗಿ ನಡೆದೆ. ಗಂಡಸರು ಗೊರಬು ಹೊರುವುದು ನಮ್ಮಲ್ಲಿಲ್ಲ. ಅದು ನೆಡುವ ಹೆಂಗಸರದು. ಲುಂಗಿ ಎತ್ತಿ ಕಟ್ಟಿ, ಗೊರಬು ಹೊತ್ತು, ಸ್ವಂತ ಅಂಗಳದಲ್ಲಿ ಹೋಗಿ ಬಂದು ಮಾಡುವ ನನ್ನನ್ನು ಕಂಡು ಹೆಂಡತಿ ಸೂಜಿಗೆ ನೂಲು ಪೋಣಿಸಲಾಗದಷ್ಟು ನಕ್ಕಳು.

ಡೇರಿಗೆ ಹಾಲು ಕೊಟ್ಟು ಬರುವ ಇಬ್ಬರು ಬೇಲಿಯ ಹೊರಗೆ ಕೊಡೆ ಹಿಡಿದು ನಿಂತರು. ಹಿಂದೆ ಕ್ಯಾನು ಹಿಡಿದ ಇನ್ನೂ ಮೂರು ಜನ ಕೂಡಿದರು.

"ಹ್ವಾಯ್, ನಟ್ಟಿಗೆ ಆಳ್ ಸಿಕ್ಲಿಲ್ಯಾ? ನೀವೇ ಹೊರಟ್ರ್ಯಾ?"

"ನಮ್ ಗದ್ದಿಗೂ ಬನ್ನಿ ಮರ್ರೆ. ಸೀರಿ ನನ್ ಹೆಂಡ್ತಿದ್ ಕೊಡ್ತೆ!"

ಮೊದಲಾಗಿದ್ದರೆ ಗೊರಬು ಬಿಸಾಡಿ ಕೋಲು ತೆಗೆದುಕೊಳ್ಳುತ್ತಿದ್ದೆ. ಅಕ್ಕ ಹೇಳಿದ ಊರವರು ಎಂದರೆ ಇವರೇ, ಇವತ್ತೇ, ಎಂದು ಹೊಳೆಯಿತು. ಬೇಲಿಯ ಹತ್ತಿರ ಹೋದೆ. ಗೊರಬು ತೆಗೆಯಲಿಲ್ಲ, ತೆಗೆದರೆ ಮಾತೂ ನಿಂತುಹೋದೀತು ಎಂದು.

"ನಗಾಡುದ್ ಮುಗದ್ರೆ ಒಂದ್ ಮಾತ್ ಕೇಣಿ. ಆ ವರ್ಷ ಅಕ್ಕನಿಗ್ ನಾಯಿ ಕಚ್ಚಿದ್ದ್ ಅವ್ರ್ ಕರೀದೆ ಬಂದದ್ದಕ್ಕಲ್ಲ. ಅವ್ರ್ ಮೂರ್ ಸರ್ತಿ ಕರ್ದಿದ್ರ್. ಗೂಡಿನ್ ಚಿಲ್ಕ ಹಾಕದ್ದ್ ನಾನ್. ಡೇರಿಯಂಗೆ ನಾನ್ ಹೇಳಿದ್ದ್ ಸುಳ್ಳ್. ಇದನ್ನೂ ಅಲ್ಲೇ ಹೇಳಿ."

ಅವರಲ್ಲಿ ಹಿರಿಯರೊಬ್ಬರು ಕೊಡೆ ಸರಿಮಾಡಿಕೊಂಡು, "ಆಯ್ತ್ ಮಾರಾಯಾ. ನೀ ನಿನ್ ಕೆಲ್ಸ ಮಾಡ್" ಎಂದರು. ತಿರುಗಿ ನೋಡಿದರೆ, ನಾಯಿ ನನ್ನ ಹಿಂದೆಯೇ ಬಂದು, ಗೊರಬಿನ ತುದಿಯಡಿ ಮೂತಿ ತೂರಿಸಿ ಕೂತಿತ್ತು. ಮಳೆಗೆ ಅಲ್ಲಿ ಬೆಚ್ಚಗಿತ್ತೋ, ಸೆಟ್ಲಿಯ ವಾಸನೆಯೋ.

ಮರುದಿನ ಹೆಂಡತಿಯೇ ಗೊರಬು ಹೊತ್ತು ಗೇಟಿನಿಂದ ಬಂದಳು. ಆಮೇಲೆ ಅಕ್ಕನ ಸೊಸೆಯನ್ನು ಕರೆಸಿದೆವು, ಅವಳು ಅದನ್ನು ಹೊತ್ತು ಹೆದರಿ ಹೆದರಿ ಬಂದು, ನಗುತ್ತ ಹೋದಳು. ಹೋಗುವಾಗ ಗೊರಬನ್ನೂ ತೆಗೆದುಕೊಂಡು ಹೋದಳು.

ನಟ್ಟಿಯ ಕಡೆಯ ದಿನ. ಮಧ್ಯಾಹ್ನ ಮಳೆ ಹೊಯ್ಯುತ್ತಿತ್ತು. ನಾಯಿ ಮೆಷಿನ್‌ನ ಕಾಲಿನ ಹತ್ತಿರ ಚಿಂದಿಬಟ್ಟೆಯ ಮೇಲೆ ಮಲಗಿತ್ತು. ಗೇಟಿನ ಹತ್ತಿರ ಸ್ವರ ಕೇಳಿತು.

"ಹ್ವಾಯ್."

ಹೆಂಡತಿ ಮೆಷಿನ್ ನಿಲ್ಲಿಸಿದಳು.

"ಹ್ವಾಯ್. ಹ್ವಾಯ್! ಮೂರ್ ಸರ್ತಿ ಆಯ್ತ್ ಮಾಣಿ, ಲೆಕ್ಕ ಇಟ್ಕೋ!"

ಅಕ್ಕ. ಗೊರಬು ತೆಗೆಯಬಹುದಿತ್ತು, ತೆಗೆಯಲಿಲ್ಲ. ಬೇಕೆಂದೇ ಇನ್ನಷ್ಟು ಮುಂದೆ ಎಳೆದುಕೊಂಡು ಬಗ್ಗಿ ನಡೆದು ಬಂದರು. ನಾಯಿಯ ಕಿವಿ ನಿಂತಿತು. ನಾನು ಕರೆಯಲಿಲ್ಲ, ಹಿಡಿಯಲಿಲ್ಲ. ಕಂಬಕ್ಕೆ ಒರಗಿ ನಿಂತೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಏಕೆಂದರೆ ನನ್ನ ಕೈಯ ಬುದ್ಧಿ ನನಗೆ ಗೊತ್ತು.

ನಾಯಿ ಎದ್ದು ಮೈ ಕೊಡವಿ, ಮಳೆಗೆ ಇಳಿದು, ನೇರ ಅಕ್ಕನ ಹಿಂದೆ ಹೋಗಿ ಒಂದು ಕಾಲಿನ ಹತ್ತಿರ ನಿಂತಿತು. ಅಕ್ಕ ನಡೆಯುವುದನ್ನು ನಿಲ್ಲಿಸಿದರು. ಹಳೆಯ ಗಾಯ ಇದ್ದ ಕಾಲು ಅದು. ಸೀರೆಯ ಕೆಳಗೆ ಆ ಕಾಲಿನ ಬೆರಳುಗಳು ಕೆಸರು ಕಚ್ಚಿ ಹಿಡಿದದ್ದು ಜಗಲಿಯಿಂದಲೂ ಕಾಣುತ್ತಿತ್ತು. ನಾಯಿ ಗೊರಬಿನಡಿ ತಲೆ ಹಾಕಿತು.

"ಎಂತ ಮಾಡ್ತಾ ಇತ್ತ್ ಅದ್?" ಅಕ್ಕನ ಸ್ವರ ಸಣ್ಣಗಿತ್ತು.

"ಸೆಟ್ಲಿ ಹುಡ್ಕತ್ತ್ ಅಕ್ಕ. ಗೊರ್ಬು ಅಂದ್ರೆ ಸೆಟ್ಲಿ ಅಂದ್ಕಂಡಿತ್ತ್."

"ನನ್ ಹತ್ರ ಎಲ್ಲಿತ್ತ್ ಸೆಟ್ಲಿ?"

ಹೆಂಡತಿ ಮೆಷಿನ್‌ನ ಡ್ರಾಯರಿನಿಂದ, ಗುಂಡಿ ಹುಕ್ಕುಗಳ ಪಕ್ಕದಿಂದ, ಒಂದು ಡಬ್ಬಿ ತೆಗೆದು ಓಡಿದಳು. ಅಲ್ಲಿ ಸೆಟ್ಲಿ ಇಟ್ಟುಕೊಂಡಿದ್ದಾಳೆ ಎಂದು ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. ಅಕ್ಕ ಅಂಗೈ ಚಾಚಿದರು. ನಾಯಿ ಕೂತು, ತುಟಿಯ ತುದಿಯಿಂದ ಮಾತ್ರ, ಹಲ್ಲು ಸೋಕದ ಹಾಗೆ, ಒಂದೊಂದೇ ಎತ್ತಿಕೊಂಡಿತು.

ಅಕ್ಕ ಜಗಲಿಗೆ ಬಂದು ಗೊರಬು ಇಳಿಸಿ ಕೂತರು. ನೀರು ಕೇಳಿದರು, ಬೆಲ್ಲ ಕೇಳಿದರು. ಆಮೇಲೆ ಕಂಕುಳಿನಿಂದ ರವಿಕೆಯ ಬಟ್ಟೆ ತೆಗೆದರು. ಹೆಂಡತಿ ಹಳೆಯ ಅಳತೆಯ ಪುಸ್ತಕ ತಂದಳು. ಅಕ್ಕನ ಪುಟ ಅದರಲ್ಲಿ ಹಾಗೆಯೇ ಇತ್ತು.

"ಹಳೇ ಅಳ್ತಿ ಆತಿಲ್ಲೆ ಅಕ್ಕ. ನೀವ್ ಸಪೂರ ಆಯ್ರಿ. ಹೊಸ್ತ್ ತೆಗೀತೆ, ಎದ್ ನಿಲ್ಲಿ."

"ತೆಗಿ. ಗಟ್ಟಿ ಹೊಲಿ, ಗದ್ದಿ ಕೆಲ್ಸದ್ದ್" ಎಂದು ಅಕ್ಕ ಎದ್ದು ನಿಂತರು. ನನ್ನ ಕಡೆ ತಿರುಗಿ, "ನಿನ್ ನಾಯಿ ಒಂಚೂರೂ ಜೋರಿಲ್ಲೆ ಮಾಣಿ" ಎಂದರು.

ಜೀವನದಲ್ಲಿ ಮರ ಹತ್ತಿದ್ದಕ್ಕೆ, ಮನೆ ಕಟ್ಟಿದ್ದಕ್ಕೆ ನಾಲ್ಕು ಜನ ಹೊಗಳಿದ್ದುಂಟು. ಅವೆಲ್ಲ ಒಂದು ಕಡೆ ಇರಲಿ. "ಇಲ್ಲೆ ಅಕ್ಕ, ಒಂಚೂರೂ ಜೋರಿಲ್ಲೆ" ಎಂದೆ ನಾನು, ಗದ್ದೆಯಾಚೆಗೂ ಕೇಳುವ ಹಾಗೆ.

ಕಲ್ಲಿನ ಗೂಡಿನಲ್ಲಿ ಈಗ ನನ್ನ ತೆಂಗಿನಕಾಯಿಗಳು ಇರುತ್ತವೆ. ಆ ದಿನ ಅಕ್ಕ ಹೊರಟಾಗ ಮಳೆ ನಿಂತಿರಲಿಲ್ಲ. ಗದ್ದೆಯ ಅಂಚಿನ ಮೇಲೆ ಗೊರಬು ಮೆಲ್ಲಗೆ ಹೋಗುತ್ತಿತ್ತು, ಅದರ ಕೆಳಗೆ ಅಕ್ಕನ ಎರಡು ಕಾಲು, ಅವುಗಳ ಹಿಂದೆ ಒಂದು ಕಂದು ಬಾಲ. ವಾಪಸು ಬರಲಿ ಎಂದು ನಾನು ಕರೆಯಲಿಲ್ಲ. ದಾರಿ ಅದಕ್ಕೆ ಗೊತ್ತು.